ಲಿವರಿಗೆ ಎರಡು ಕೆಲಸ

ಫೆಬ್ರವರಿ ೩, ಸೋಮವಾರ

ಟೈರ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಷ್ಟು ದಿನ ಖಾಲಿ ಬಿದ್ದಿತ್ತು. ಇವತ್ತು ತೆಗೆದಿದ್ದೇನೆ, ಯಾಕೆಂದರೆ ಬೈಸಿಕೊಳ್ಳಬೇಕಾದವರು ಜಾಸ್ತಿಯಾಗಿದ್ದಾರೆ, ಕೇಳಿಸಿಕೊಳ್ಳುವವರು ಮನೆಯಲ್ಲಿ ಯಾರೂ ಇಲ್ಲ.

ಮೊದಲು ಡಾಕ್ಟರಮ್ಮ. ಇನ್ನು ಮುಂದೆ ನಾನು ಕಾರು ಕಲಿಸಬಾರದಂತೆ. "ನಾನು ಓಡಿಸಲ್ಲ ಡಾಕ್ಟ್ರೇ, ಕಲಿಯೋರ ಪಕ್ಕದಲ್ಲಿ ಕೂತಿರ್ತೀನಿ ಅಷ್ಟೆ" ಎಂದೆ. "ಕೂತು ಏನ್ ಮಾಡ್ತೀರಿ?" ಎಂದರು. "ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತೆ, ಅದನ್ನ ಒತ್ತುತೀನಿ. ಮತ್ತೆ ಬೈತೀನಿ." "ಎರಡೂ ಬೇಡ" ಎಂದುಬಿಟ್ಟರು. ಇಷ್ಟು ವರ್ಷದಿಂದ ಮಾಡಿಕೊಂಡು ಬಂದ ಕೆಲಸ, ಎರಡು ಮಾತಿನಲ್ಲಿ ಮುಗಿಯಿತು.

ಎಲ್ಲದಕ್ಕೂ ಕಾರಣ ನನ್ನ ರಕ್ತ. ನನ್ನದು ನೆಗೆಟಿವ್, ಇವರದು ಪಾಸಿಟಿವ್. ಮಗಳೂ ಅಪ್ಪನ ಹಾಗೆ ಪಾಸಿಟಿವ್. ಐದು ವರ್ಷದ ಹಿಂದೆ ಅವಳು ಹುಟ್ಟುವಾಗ ಅವಳ ರಕ್ತ ಒಂದಿಷ್ಟು ನನ್ನದಕ್ಕೆ ಸೇರಿದೆ. ನನ್ನ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಂಡಿದೆ. ಈಗ ಒಳಗಿರುವ ಭ್ರೂಣವೂ ಪಾಸಿಟಿವ್. ಅದರ ಕೆಂಪು ಕಣಗಳನ್ನು ನನ್ನ ರಕ್ತ ಹುಡುಕಿ ಹುಡುಕಿ ಒಡೆಯುತ್ತಿದೆ. ಹೀಗಾಗದಿರಲೆಂದೇ ಮೊದಲ ಹೆರಿಗೆಯಾದ ಕೂಡಲೇ ಒಂದು ಇಂಜೆಕ್ಷನ್ ಕೊಡುತ್ತಾರೆ. ನನಗೂ ಕೊಟ್ಟಿದ್ದಾರೆ. ಕೊಟ್ಟೂ ಹೀಗೇಕಾಯಿತು ಎಂದು ಕೇಳಿದರೆ "ಒಮ್ಮೊಮ್ಮೆ ಆಗುತ್ತೆ" ಅಂತೆ. ನನ್ನ ಹತ್ತಿರ ಕಲಿಯುವವರು ಕಾರನ್ನು ಫುಟ್‌ಪಾತ್ ಹತ್ತಿಸಿ ಹೇಳುವುದೂ ಅದನ್ನೇ.

ಮನೆಗೆ ಬಂದರೆ ಅತ್ತೆ ಹೊಲಿಗೆ ಮಿಷನ್ನಿನ ಮುಂದೆ. ಶಾಲೆಯ ಯೂನಿಫಾರ್ಮ್ ಹೊಲಿದು ಹೊಲಿದು ಕಣ್ಣು ಮಂಜಾಗಿದ್ದರೂ ಅಂಗೈಯಗಲದ ಅಂಗಿಗಳನ್ನು ಸಾಲಾಗಿ ಹೊಲಿದಿಟ್ಟಿದ್ದಾರೆ. "ಯಾರು ಹೇಳಿದ್ರು ಈಗ್ಲೇ ಹೊಲೀರಿ ಅಂತ? ಇರುತ್ತೋ ಇಲ್ವೋ ಗೊತ್ತಿಲ್ಲ, ಆಗ್ಲೇ ಅಂಗಿ!" ಎಂದು ಕೂಗಾಡಿದೆ. ಅತ್ತೆ ಕನ್ನಡಕ ಹಣೆಗೇರಿಸಿ, "ತುಂಡು ಬಟ್ಟೆ ಉಳಿದಿತ್ತು ಕಣೇ, ಹೊಲಿದೆ. ಬೇಡಾಂದ್ರೆ ನೆಲ ಒರೆಸ್ಕೋ" ಎಂದರು. ಇಂಥವರ ಹತ್ತಿರ ಜಗಳ ಆಡುವುದಾದರೂ ಹೇಗೆ?

ಇನ್ನು ಇವರು, ನನ್ನ ಯಜಮಾನರು, ಫ್ರಿಜ್ ರಿಪೇರಿಯವರು. ಊರವರ ಫ್ರಿಜ್ಜೆಲ್ಲ ಇವರ ಕೈಯಲ್ಲಿ ತಣ್ಣಗಿದೆ. ನಮ್ಮ ಮನೆಯದಕ್ಕೆ ಮಾತ್ರ ಬಾಗಿಲು ನಿಲ್ಲುವುದಿಲ್ಲ, ಸ್ಟೂಲು ಒತ್ತರಿಸಿ ಇಡಬೇಕು. ಇಂಜೆಕ್ಷನ್ ವಿಷಯಕ್ಕೆ ಬೈಯಲು ಶುರು ಮಾಡಿದವಳು ಯಾವಾಗ ಬಾಗಿಲಿನ ವಿಷಯಕ್ಕೆ ಬಂದೆನೋ ನನಗೇ ಗೊತ್ತಾಗಲಿಲ್ಲ. ತಲೆ ತಗ್ಗಿಸಿ ಕೇಳಿಸಿಕೊಂಡು, ಸ್ಕ್ರೂ ಡ್ರೈವರ್ ಹಿಡಿದು ಫ್ರಿಜ್ಜಿನ ಮುಂದೆ ಕೂತರು.

ಫೆಬ್ರವರಿ ೧೧, ಮಂಗಳವಾರ

ಸ್ಕ್ಯಾನ್ ಕೋಣೆಯಲ್ಲಿ ಎಂಥ ಚಳಿ! ನಾನು ಹೊಟ್ಟೆ ತೆರೆದುಕೊಂಡು ಮಲಗಿದ್ದೇನೆ, ಇವರು ಏಸಿಯ ಬುಡದಲ್ಲಿ ನಿಂತು ಕಿವಿ ಕೊಟ್ಟು "ಮೋಟಾರು ಬೇರಿಂಗ್ ಹೋಗಿದೆ" ಎನ್ನುತ್ತಿದ್ದಾರೆ. "ರೀ, ಈ ಕಡೆ ಬಂದು ನಿಲ್ತೀರೋ, ಇಲ್ಲಾ ಹತ್ತೋಕೆ ಕುರ್ಚಿ ತರಿಸ್ಲೋ?" ಎಂದೆ. ಬಂದು ನಿಂತರು.

ಡಾಕ್ಟರಮ್ಮ ಅಳೆದರು, ಮತ್ತೆ ಅಳೆದರು, ಆಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. "ಇದು ಲಿವರ್. ಇಲ್ಲಿವರೆಗೆ ಇರ್ಬೇಕಿತ್ತು, ಇಲ್ಲಿವರೆಗೆ ಬಂದಿದೆ. ಸುತ್ತ ಕಪ್ಪಗೆ ಕಾಣ್ತಿದೆಯಲ್ಲ, ಅದು ನೀರು. ಮಗು ಹೊಟ್ಟೆಯೊಳಗೆ ನೀರು ತುಂಬ್ಕೊಳ್ತಿದೆ."

"ರಕ್ತಕ್ಕೂ ಲಿವರ್‌ಗೂ ಏನ್ ಸಂಬಂಧ?" ಎಂದೆ.

"ಹುಟ್ಟೋಕ್ ಮುಂಚೆ ಮೊದಮೊದ್ಲು ರಕ್ತ ತಯಾರು ಮಾಡೋದು ಲಿವರೇ. ಆಮೇಲೆ ಆ ಕೆಲಸ ಮೂಳೆಗೆ ಬಿಟ್ಕೊಟ್ಟು ತನ್ನ ಕೆಲಸ ನೋಡ್ಕೊಳ್ಳುತ್ತೆ. ನಿಮ್ಮ ಮಗೂದು ಬಿಟ್ಕೊಡ್ತಿಲ್ಲ. ಕಣ ಒಡೀತಾನೇ ಇದೆಯಲ್ಲ, ಸಾಲ್ತಿಲ್ಲ ಅಂತ ಇದೂ ರಕ್ತ ಮಾಡ್ತಾನೇ ಕೂತಿದೆ. ಮಾಡಿ ಮಾಡಿ ಊದ್ಕೊಂಡಿದೆ. ಅದ್ರದ್ದೇ ಸ್ವಂತ ಕೆಲಸ, ಪ್ರೋಟೀನ್ ಮಾಡೋದು, ನಿಂತು ಹೋಗಿದೆ. ಪ್ರೋಟೀನ್ ಕಮ್ಮಿಯಾದ್ರೆ ನೀರು ರಕ್ತನಾಳದಲ್ಲಿ ನಿಲ್ಲಲ್ಲ, ಹೊರಗೆ ಸೋರುತ್ತೆ."

"ಅಂದ್ರೆ ಇನ್ನೊಬ್ಬರ ಕೆಲಸ ಮೈಮೇಲೆ ಎಳ್ಕೊಂಡು ತನ್ನ ಕೆಲಸ ಕೆಡಿಸ್ಕೊಂಡಿದೆ."

"ಹಾಗೇ ಅಂದ್ಕೊಳ್ಳಿ."

"ನಮ್ಮನೇಲಿ ನಾನು ಮಾಡೋದೂ ಅದೇ" ಎಂದೆ. ಯಾರೂ ನಗಲಿಲ್ಲ.

ನಾಡಿದ್ದು ಹೊಟ್ಟೆಯ ಮೇಲಿಂದ ಸೂಜಿ ಇಳಿಸಿ, ಹೊಕ್ಕುಳಬಳ್ಳಿಯೊಳಗೆ ಭ್ರೂಣಕ್ಕೆ ರಕ್ತ ಕೊಡುತ್ತಾರಂತೆ. ಯಾರೋ ದಾನ ಕೊಟ್ಟ ನೆಗೆಟಿವ್ ರಕ್ತ. ಅದಾದರೆ ನನ್ನ ದೇಹ ಅದರ ಸುದ್ದಿಗೆ ಹೋಗುವುದಿಲ್ಲ. ರಕ್ತ ಸಾಕಷ್ಟು ಬಂದರೆ ಲಿವರ್ ತನ್ನ ಕೆಲಸಕ್ಕೆ ಮರಳುತ್ತದಂತೆ. ಮರಳದೆಯೂ ಇರಬಹುದಂತೆ. ಕೊಡದಿದ್ದರೆ ಈ ವಾರ ದಾಟುವುದು ಕಷ್ಟ ಎಂದರು.

ಇವರು ಗಾಡಿ ಓಡಿಸುತ್ತಿದ್ದರು. ದಾರಿಯುದ್ದಕ್ಕೂ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಗೇರು, ಇಂಡಿಕೇಟರು, ತಿರುವು, ಎಲ್ಲದಕ್ಕೂ ಬೈದೆ. ಒಂದಕ್ಕೂ ಎದುರು ಮಾತಾಡಲಿಲ್ಲ. ಮಾತಾಡಿದ್ದರೆ ಚೆನ್ನಾಗಿತ್ತು.

ಫೆಬ್ರವರಿ ೧೩, ಗುರುವಾರ

ಆಯಿತು. ನಾನು ಚಾವಣಿ ನೋಡುತ್ತಿದ್ದೆ. ಭ್ರೂಣದ ರಕ್ತ ಮೂರರಲ್ಲೊಂದು ಪಾಲಿಗೆ ಇಳಿದಿತ್ತಂತೆ. ಲಿವರ್ ಪರೀಕ್ಷೆಗೂ ಒಂದಿಷ್ಟು ತೆಗೆದರು. ಪ್ರೋಟೀನ್ ಬಹಳ ಕಮ್ಮಿ. "ಮಗು ನೋಡ್ತೀರಾ?" ಎಂದು ಪರದೆ ತಿರುಗಿಸಿದರು. ಬೇಡ ಎಂದೆ.

ಫೆಬ್ರವರಿ ೧೪

ಅಲುಗಾಟ ಕಮ್ಮಿ. ಯಾರೊಡನೆಯೂ ಮಾತು ಬೇಡ.

ಫೆಬ್ರವರಿ ೧೭, ಸೋಮವಾರ

ಮೂರು ದಿನದಿಂದ ಒಂದೇ ಯೋಚನೆ. ಇಂಜೆಕ್ಷನ್ ಕೊಟ್ಟೂ ಹೀಗಾಗಿದೆ ಎಂದರೆ ಯಾರೋ ಎಲ್ಲೋ ಕೆಡಿಸಿದ್ದಾರೆ. ಯಾರು? ಮಗಳು ಹುಟ್ಟಿದ ನರ್ಸಿಂಗ್ ಹೋಮಿನ ಆ ದಪ್ಪ ಕನ್ನಡಕದ ನರ್ಸ್, ಇನ್ಯಾರು! ಚುಚ್ಚುವಾಗಲೂ ಫೋನಿನಲ್ಲಿ ಹರಟುತ್ತಿದ್ದಳು. ಬೆಳಿಗ್ಗೆ ಫೋನು ಮಾಡಿ ವಿಚಾರಿಸಿದರೆ ಇನ್ನೂ ಅಲ್ಲೇ ಇದ್ದಾಳಂತೆ. ಇವತ್ತು ಅವಳ ಗ್ರಹಚಾರ ಬಿಡಿಸುತ್ತೇನೆಂದು ಚಪ್ಪಲಿ ಮೆಟ್ಟಿದೆ.

ಇವರು ಬಾಗಿಲಿಗೆ ಅಡ್ಡ ನಿಂತರು. "ಹೋಗ್ಬೇಡ."

"ರೀ, ದಾರಿ ಬಿಡಿ."

"ಅವಳು ಸರಿಯಾಗೇ ಚುಚ್ಚಿದ್ಲು. ಅವಳ್ದೇನೂ ತಪ್ಪಿಲ್ಲ."

"ನಿಮ್ಗೆ ಹೇಗ್ ಗೊತ್ತು?"

ಆಮೇಲೆ ಹೇಳಿದರು. ನಿಂತುಕೊಂಡೇ, ಚಿಲಕ ಹಿಡಿದುಕೊಂಡೇ ಹೇಳಿದರು.

ಅವತ್ತು ಆ ಇಂಜೆಕ್ಷನ್ ನರ್ಸಿಂಗ್ ಹೋಮಿನಲ್ಲಿ ಇರಲಿಲ್ಲ. ಇವರು ಊರೆಲ್ಲ ತಿರುಗಿ ಸಂಜೆ ತಂದರು. ಡಾಕ್ಟರು ಬೆಳಿಗ್ಗೆ ಬರುತ್ತಾರೆ, ಅಲ್ಲಿಯವರೆಗೆ ಫ್ರಿಜ್ಜಿನಲ್ಲಿಡಿ ಎಂದಳು ನರ್ಸ್. ಇವರು ಅಲ್ಲಿನ ಫ್ರಿಜ್ ತೆರೆದು ಕೈಯಿಟ್ಟು ನೋಡಿದರು. ಗ್ಯಾಸ್ ಕಮ್ಮಿ, ತಂಪು ಸಾಲದು. ಇಂಥದ್ದರಲ್ಲಿ ಇಟ್ಟರೆ ಹೆಂಡತಿಯ ಔಷಧ ಕೆಟ್ಟೀತೆಂದು ಮನೆಗೆ ತಂದರು. ಜಾಸ್ತಿ ತಂಪಿದ್ದಷ್ಟೂ ಒಳ್ಳೆಯದೆಂದು ಮೇಲಿನ ಫ್ರೀಜರಿನಲ್ಲಿಟ್ಟರು. ಬೆಳಿಗ್ಗೆ ನೋಡಿದರೆ ಸೀಸೆಯೊಳಗೆ ಕಲ್ಲಾಗಿತ್ತು. ಅಂಗೈಯಲ್ಲಿ ಹೊರಳಿಸುತ್ತ ದಾರಿಯಲ್ಲೇ ಕರಗಿಸಿ ನರ್ಸಿಗೆ ಕೊಟ್ಟರು. ಹೇಳಲಿಲ್ಲ. ಹೇಳುವಂಥದ್ದೇನಿದೆ ಎಂದುಕೊಂಡಿದ್ದರಂತೆ.

ಎರಡು ವರ್ಷದ ಮೇಲೆ ಆರೋಗ್ಯ ಕೇಂದ್ರದ ಲಸಿಕೆ ಫ್ರಿಜ್ ರಿಪೇರಿಗೆ ಹೋದಾಗ ಬಾಗಿಲ ಮೇಲೆ ದೊಡ್ಡದಾಗಿ ಅಂಟಿಸಿತ್ತಂತೆ, ಹೆಪ್ಪುಗಟ್ಟಿಸಬಾರದು ಅಂತ. ಗಟ್ಟಿಯಾದ್ರೆ ಏನಾಗುತ್ತೆ ಎಂದು ಅಲ್ಲಿನವರನ್ನು ಕೇಳಿದರೆ, "ನೀರು ಚುಚ್ಚಿದ ಹಾಗೆ" ಎಂದರಂತೆ. ಅವತ್ತಿನಿಂದ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದಾರೆ.

ಬೇರೆ ಯಾರ ಗಂಡನಾಗಿದ್ದರೂ ನರ್ಸ್ ಹೇಳಿದ ಫ್ರಿಜ್ಜಿನಲ್ಲಿಟ್ಟು ಮನೆಗೆ ಹೋಗಿ ಮಲಗುತ್ತಿದ್ದ. ಇವರಿಗೆ ಫ್ರಿಜ್ ಗೊತ್ತಿತ್ತು, ಅದಕ್ಕೇ ಹೀಗಾಯಿತು.

ಬಾಯಿ ತೆರೆದೆ. ಒಂದು ಬೈಗುಳವೂ ಬರಲಿಲ್ಲ. "ಸರಿ" ಎಂದೆ. ಚಪ್ಪಲಿ ಬಿಟ್ಟು ಒಳಗೆ ಬಂದೆ. ಸಿಟ್ಟು ಬಂದಿದ್ದರೆ ವಾಸಿಯಿತ್ತು. ಇದು ಸಿಟ್ಟಲ್ಲ. ಇವರ ಮುಖ ನೋಡುವುದೇ ಬೇಡ ಅನ್ನಿಸುತ್ತಿದೆ.

ಫೆಬ್ರವರಿ ೨೦

ಇವರು ನೀರು ತಂದುಕೊಟ್ಟರು. "ಥ್ಯಾಂಕ್ಸ್" ಎಂದೆ. ಲೋಟ ಹಿಡಿದ ಕೈ ಹಾಗೇ ನಿಂತಿತು. ಅದರಲ್ಲಿ ಆಶ್ಚರ್ಯಪಡುವಂಥದ್ದು ಏನಿದೆಯೋ.

ಫೆಬ್ರವರಿ ೨೫, ಮಂಗಳವಾರ

ಎರಡನೆಯ ಸಲ ರಕ್ತ. ಚಾವಣಿಯಲ್ಲಿ ಒಂದು ಕಡೆ ಸುಣ್ಣ ಎದ್ದಿದೆ. ಅದನ್ನೇ ನೋಡುತ್ತ ಮಲಗೋಣವೆಂದರೆ ಬಿಡಬೇಕಲ್ಲ. ಡಾಕ್ಟರಮ್ಮ ಸೂಜಿ ಹಿಡಿದು ಬಳ್ಳಿಯ ಹತ್ತಿರ ಬರುವುದು, ಒಳಗಿರುವುದು ಕಾಲು ಝಾಡಿಸುವುದು. ಮತ್ತೆ ಹತ್ತಿರ ಬರುವುದು, ಮತ್ತೆ ಝಾಡಿಸುವುದು. ಕೊನೆಗೆ ತಡೆಯಲಾಗದೆ ಗದರಿದೆ. "ಏಯ್! ಕಾಲು ತೆಗಿ ಅಲ್ಲಿಂದ! ಹೇಳಿದ್ದು ಕೇಳ್ಸಲ್ವಾ? ಸುಮ್ನೆ ಒಂದು ಕಡೆ ನಿಲ್ಲಕ್ಕಾಗಲ್ವಾ ನಿನ್ಗೆ?" ಸಿಗ್ನಲ್ಲಿನಲ್ಲಿ ಕ್ಲಚ್ ಬಿಡುವವರಿಗೆ ನಾನು ಹೇಳುವ ಮಾತೇ ಅದು, ಬಾಯಿಗೆ ತಾನಾಗಿ ಬಂತು. ಕೋಣೆಯಲ್ಲಿದ್ದವರೆಲ್ಲ ನಕ್ಕರು. "ಕೇಳಿಸ್ತು ನೋಡಿ" ಎಂದರು ಡಾಕ್ಟರಮ್ಮ. ನಿಜವಾಗಿ ಸುಮ್ಮನಾಗಿತ್ತು. ಸುಮ್ಮನಾಗಿಸುವ ಔಷಧ ಆಗಲೇ ಕೊಟ್ಟಿದ್ದರೆಂದು ಆಮೇಲೆ ಗೊತ್ತಾಯಿತು.

ಇವರು ಹೊರಗೆ ಹೋದಾಗ ಡಾಕ್ಟರಮ್ಮನನ್ನು ಕೇಳಿದೆ. "ಆ ಇಂಜೆಕ್ಷನ್ ಹೆಪ್ಪುಗಟ್ಟಿ ಹೋಗಿದ್ರೆ?"

ಕೈಗವಸು ಬಿಚ್ಚಿ ಪಕ್ಕಕ್ಕಿಟ್ಟರು. "ಕೆಟ್ಟಿರ್ಬಹುದು. ಹಾಗಂತ ಅದ್ರಿಂದ್ಲೇ ಅಂತ ಹೇಳೋಕಾಗಲ್ಲ. ಹೆರಿಗೇಲಿ ಮಗು ರಕ್ತ ಜಾಸ್ತಿ ಸೇರಿದ್ರೆ ಒಳ್ಳೆ ಇಂಜೆಕ್ಷನ್ನೂ ಸಾಲಲ್ಲ. ಹೆರಿಗೆಗೆ ಮುಂಚೇನೇ ಸೇರಿದ್ರೂ ಅಷ್ಟೇ. ಯಾವುದ್ರಿಂದ ಆಯ್ತು ಅಂತ ಈಗ ಯಾರ ಕೈಲೂ ಹೇಳೋಕಾಗಲ್ಲ. ನನ್ ಕೈಲೂ ಆಗಲ್ಲ."

ಇದೊಳ್ಳೆ ಕಥೆ. ತಪ್ಪು ಸಿಕ್ಕಿತೆಂದುಕೊಂಡರೆ ಅದೂ ಗಟ್ಟಿ ಇಲ್ಲ.

ಇದನ್ನು ಇವರಿಗೆ ಹೇಳಬೇಕು. ಗಾಡಿಯಲ್ಲಿ ಹೇಳೋಣವೆಂದುಕೊಂಡೆ. ಹೇಳಲಿಲ್ಲ. ಇವರೂ ಒಂದಿಷ್ಟು ದಿನ ಹೊರಲಿ.

ಮಾರ್ಚ್ ೬, ಗುರುವಾರ

ಮಲಗಿ ಮಲಗಿ ಬೆನ್ನು ಹಿಡಿದಿದೆ. ನನ್ನ ಹತ್ತಿರ ಕಲಿಯುತ್ತಿದ್ದ ಬ್ಯಾಂಕ್ ಮೇಡಂ ಫೋನು. "ಮೇಡಂ, ರಿವರ್ಸ್‌ನಲ್ಲಿ ಸ್ಟೇರಿಂಗ್ ಯಾವ ಕಡೆ ತಿರುಗಿಸ್ಬೇಕು?" "ಈಗ ಎಲ್ಲಿದ್ದೀರಿ?" "ರಿವರ್ಸ್‌ನಲ್ಲಿ." ಗಾಡಿಯೊಳಗಿಂದಲೇ ಫೋನು ಮಾಡಿದ್ದಾಳೆ ಪುಣ್ಯಾತ್ಗಿತ್ತಿ! ಕಿರುಚಿದ ಕಿರುಚಿಗೆ ಒಳಗಿರುವುದು ಒಂದು ಒದ್ದಿತು. "ನಿನ್ನನ್ನ ಯಾರೂ ಕೇಳಲಿಲ್ಲ, ನೀನು ತೆಪ್ಪಗಿರು" ಎಂದೆ. ಮತ್ತೆ ಒದ್ದಿತು. ಎದುರುತ್ತರ ಕೊಡುವುದು ಈಗಲೇ ಕಲಿತಿದೆ.

ಇವರ ಕತೆ ಬೇರೆ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕುವ ಅಭ್ಯಾಸ ಬಿಟ್ಟು ಎಷ್ಟೋ ವರ್ಷವಾಗಿತ್ತು, ಬಿಡಿಸಿದವಳು ನಾನೇ. ಈಗ ಮತ್ತೆ ದಿನಾ ಹಾಕುತ್ತಿದ್ದಾರೆ. ಹಾಕಿ, ಅಲ್ಲೇ ನಿಂತು ನನ್ನನ್ನು ನೋಡುತ್ತಾರೆ. ನಾನು ಎದ್ದು ತೆಗೆದು ಹಗ್ಗದ ಮೇಲೆ ಹಾಕುತ್ತೇನೆ. ನಿನ್ನೆ ಶೂ ಹಾಕಿಕೊಂಡೇ ಒಳಗೆ ಬಂದರು. ಏನೂ ಅನ್ನಲಿಲ್ಲ, ನೆಲ ಒರೆಸಿದೆ. ವಯಸ್ಸಾಗುತ್ತ ಬುದ್ಧಿ ಮಂಕಾಗುತ್ತಿದೆಯೋ ಏನೋ.

ಅತ್ತೆ ಸಂಜೆ ಪಕ್ಕದಲ್ಲಿ ಬಂದು ಕೂತರು. "ನಿಮ್ಮಿಬ್ಬರ ಮಧ್ಯೆ ಏನಾಗಿದೆ ಅಂತ ನಾನ್ ಕೇಳಲ್ಲ. ಆದ್ರೆ ನನ್ ಮಗನಿಗೆ ಎರಡು ಮಾತು ಬಯ್ಯೇ ತಾಯಿ. ಸೊರಗಿ ಹೋಗ್ತಿದ್ದಾನೆ."

"ಬೈದ್ರೆ ಯಾಕೆ ಬೈತಿ ಅಂತೀರಿ, ಬೈಯದೆ ಇದ್ರೆ ಬಯ್ಯಿ ಅಂತೀರಿ."

"ನಾನ್ ಯಾವತ್ತು ಯಾಕೆ ಬೈತಿ ಅಂದಿದ್ದೀನಿ?" ಎಂದರು. ಯೋಚಿಸಿ ನೋಡಿದೆ. ಅಂದಿಲ್ಲ. ಅದಕ್ಕೂ ಸಿಟ್ಟು ಬಂತು.

ಮಾರ್ಚ್ ೧೪, ಶುಕ್ರವಾರ

ಮೂರನೆಯದು. ಹೊಟ್ಟೆಯ ನೀರು ಬತ್ತಿದೆ! ಲಿವರ್ ಒಂದು ಬೆರಳಿನಷ್ಟು ಒಳಗೆ ಸರಿದಿದೆ. ಹೊರಗಿಂದ ರಕ್ತ ಸಿಗುತ್ತಿರುವುದರಿಂದ ಆ ಕೆಲಸ ಬಿಟ್ಟು ತನ್ನ ಕೆಲಸಕ್ಕೆ ಕೂತಿದೆಯಂತೆ, ಪ್ರೋಟೀನ್ ಏರಿದೆ. "ಪೂರ್ತಿ ಸರಿಯಾಗಿದೆ ಅಂತಲ್ಲ" ಎಂದು ಡಾಕ್ಟರಮ್ಮ ತಕ್ಷಣ ಸೇರಿಸಿದರು. ಒಂದು ನಿಮಿಷ ಖುಷಿಪಡಲು ಬಿಡುವವರಲ್ಲ.

ಈ ಸಲ ನಾನೇ ಪರದೆ ತಿರುಗಿಸಿ ಎಂದೆ. ಬೆನ್ನು ಹಾಕಿ ಮಲಗಿತ್ತು. "ಅಷ್ಟು ದೂರದಿಂದ ನೋಡೋಕೆ ಬಂದ್ರೆ ಬೆನ್ನು ತೋರಿಸ್ತೀಯಾ? ಇದೇನಾ ನೀನು ಕಲ್ತಿದ್ದು?" ಎಂದು ಚೆನ್ನಾಗಿ ಉಗಿದೆ. ಮನೆಗೆ ಬಂದ ಮೇಲೆ ಮಗಳಿಗೆ ಹೇಳಿದರೆ, ಅವಳು ನನ್ನ ಹೊಟ್ಟೆಗೆ ಬಾಯಿಟ್ಟು "ಏಯ್! ಕತ್ತೆ! ಈ ಕಡೆ ತಿರುಗು!" ಎಂದು ಕೂಗಿದಳು. ನನ್ನ ಹಾಗೇ ಮಾತಾಡುತ್ತಾಳೆ, ಎಲ್ಲಿಂದ ಕಲಿತಳೋ.

ಆಮೇಲೆ ಅವಳು ಅಪ್ಪನನ್ನು ಕೇಳಿದಳು, "ಅಪ್ಪ, ಪಾಪೂಗೂ ಬೈತಾಳೆ, ನನ್ಗೂ ಬೈತಾಳೆ. ನಿನ್ಗೆ ಯಾಕೆ ಬೈಯಲ್ಲ?" ಇವರು ಎದ್ದು ಹೊರಗೆ ಹೋದರು. ಮಕ್ಕಳಿಗೆ ಕೇಳಲು ಬೇರೆ ಪ್ರಶ್ನೆಯೇ ಇಲ್ಲವೇ?

ಏಪ್ರಿಲ್ ೪, ಶುಕ್ರವಾರ

ನಾಲ್ಕನೆಯದು.

ಅಕ್ಷರ ಓರೆಯಾಗುತ್ತಿವೆ. ಕೊಡಬೇಕಾದ ರಕ್ತದಲ್ಲಿ ಅರ್ಧ ಒಳಗೆ ಹೋಗಿತ್ತು. ಎದೆಬಡಿತದ ಸದ್ದು ನಿಧಾನವಾಗುತ್ತ ಬಂತು. ಟಕ ಟಕ ಎನ್ನುತ್ತಿದ್ದದ್ದು ಟಕ್, ಟಕ್ ಎಂದಾಯಿತು. ಡಾಕ್ಟರಮ್ಮ ಸೂಜಿ ತೆಗೆದರು. ಯಾರೋ ಆಪರೇಷನ್ ಕೋಣೆ ಸಿದ್ಧಮಾಡಲು ಓಡಿದರು. ನನ್ನನ್ನು ಮಗ್ಗುಲಾಗಿಸಿದರು. ನಾನು ಹೊಟ್ಟೆಗೆ ಎರಡೂ ಕೈ ಹಾಕಿ ಏನೇನು ಬೈದೆನೋ ನನಗೇ ಜ್ಞಾಪಕವಿಲ್ಲ. ಇಷ್ಟು ದೂರ ಬಂದು ಈಗ ಆಫ್ ಆಗ್ತೀಯಾ, ಸೋಮಾರಿ, ಹೆಜ್ಜೆ ಹೆಜ್ಜೆಗೂ ನಿನಗೆ ಹೇಳಿಕೊಡಬೇಕಾ, ಎದ್ದೇಳು, ಎದ್ದೇಳು ಅಂದೆನಂತೆ. ಹೀಗಂತ ನರ್ಸ್ ಹೇಳಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಸದ್ದು ಜೋರಾಯಿತು.

ಇವರು ಗೋಡೆಗೆ ಒರಗಿ ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಹತ್ತಿರ ಕರೆಯಬೇಕೆನಿಸಿತು. "ನೀವು ಬೇಕಾದ್ರೆ ಹೊರಗೆ ಕೂತ್ಕೊಳ್ಳಿ, ಪರವಾಗಿಲ್ಲ" ಎಂದೆ.

ಏಪ್ರಿಲ್ ೧೮, ಶುಕ್ರವಾರ

ಹೆಣ್ಣು. ಅತ್ತಳು. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ.

ಏಪ್ರಿಲ್ ೨೨, ಮಂಗಳವಾರ

ಮೈಯ ಹಳದಿ ಇಳಿಯಲೆಂದು ಇಟ್ಟ ನೀಲಿ ದೀಪದ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೈಕಾಲು ಚಾಚಿ ಮಲಗಿರುವುದು ನೋಡಬೇಕು. ನನಗಿಲ್ಲದ ಆರಾಮ ಇವಳಿಗೆ. ರಕ್ತ ಪರೀಕ್ಷೆ ಮಾಡಿದರೆ ನೆಗೆಟಿವ್ ಎಂದು ಬಂತು. ಅತ್ತೆ "ಅಮ್ಮನ ಹಾಗೆ" ಎಂದು ಎಲ್ಲರಿಗೂ ಫೋನು ಮಾಡಿ ಹೇಳಿಬಿಟ್ಟಿದ್ದಾರೆ. ಒಳಗೆ ಓಡುತ್ತಿರುವುದೆಲ್ಲ ದಾನಿಗಳ ರಕ್ತ, ಇವಳದಿನ್ನೂ ತಯಾರಾಗಬೇಕು ಎಂದು ಮತ್ತೆ ಎಲ್ಲರಿಗೂ ಫೋನು ಮಾಡಿ ತಿದ್ದುವ ಕೆಲಸ ನನಗೆ.

ಮೇ ೨, ಶುಕ್ರವಾರ

ಇಷ್ಟು ಬೇಗ ಮುಗಿಯುತ್ತದೆಂದು ಯಾಕೆ ಅಂದುಕೊಂಡೆನೋ. ಮೈಯ ಹಳದಿ ಇಳಿಯುವ ಬದಲು ಹಸಿರಿಗೆ ತಿರುಗುತ್ತಿದೆ. ಮಲ ಸುಣ್ಣದ ಹಾಗೆ ಬೆಳ್ಳಗೆ. ಲಿವರ್ ರಕ್ತದ ಕೆಲಸ ಬಿಟ್ಟಿತು, ಪ್ರೋಟೀನ್ ಸರಿಯಾಯಿತು, ಈಗ ಪಿತ್ತ ಒಳಗೇ ಗಟ್ಟಿಯಾಗಿ ಕಟ್ಟಿಕೊಂಡಿದೆಯಂತೆ. ಒಡೆದ ಕಣಗಳ ಕಸವೆಲ್ಲ ಲಿವರಿನಲ್ಲೇ ಸೇರಿಕೊಂಡು ದಾರಿ ಮುಚ್ಚಿದೆ. ಔಷಧ ಕೊಟ್ಟಿದ್ದಾರೆ.

"ದಾರಿ ತಾನಾಗೇ ಬಿಟ್ಕೊಳ್ಳಬಹುದು. ಬಿಟ್ಕೊಂಡ್ರೆ ಮಲಕ್ಕೆ ಬಣ್ಣ ಬರುತ್ತೆ. ಬರದಿದ್ರೆ ಹದಿನೈದನೇ ತಾರೀಕು ದಾಖಲಾಗಿ. ಸೂಜಿ ಹಾಕಿ ಲಿವರಿನ ಚೂರು ತೆಗೆದು ನೋಡ್ಬೇಕಾಗುತ್ತೆ. ಆಮೇಲೆ ಆಪರೇಷನ್ ಬೇಕಾದ್ರೂ ಬೇಕಾಗ್ಬಹುದು" ಎಂದರು ಮಕ್ಕಳ ಡಾಕ್ಟರು. ಬಣ್ಣದ ಅಂಗಡಿಯಲ್ಲಿ ಕೊಡುವಂಥ ಒಂದು ಕಾರ್ಡು ಕೊಟ್ಟು ಮನೆಗೆ ಕಳಿಸಿದ್ದಾರೆ. ಅದರಲ್ಲಿ ಬಿಳಿಯಿಂದ ಹಳದಿ, ಹಸಿರಿನವರೆಗೆ ಚೌಕಗಳು. ಪ್ರತಿ ಸಲ ಡೈಪರ್ ಬಿಚ್ಚಿ ಹಗಲು ಬೆಳಕಿನಲ್ಲಿ ಹೋಲಿಸಿ ನೋಡಬೇಕು.

ಇಷ್ಟು ಓದಿ, ಇಷ್ಟು ಮಿಷನ್ನು ಇಟ್ಟುಕೊಂಡು, ಕಡೆಗೆ ಬಂದು ನಿಂತದ್ದು ಇಲ್ಲಿಗೆ.

ಮೇ ೭

ಬಿಳಿ.

ಮೇ ೯

ಬಿಳಿ. ಅತ್ತೆ ಒಂದು ಸಲ "ಸ್ವಲ್ಪ ಹಳದಿ ಕಂಡಿತಲ್ಲೇ" ಎಂದರು. ಕನ್ನಡಕ ಒರೆಸಿಕೊಟ್ಟೆ. ಮತ್ತೆ ನೋಡಿ ಕಾರ್ಡಿನ ಬಿಳಿ ಚೌಕಕ್ಕೇ ಬೆರಳಿಟ್ಟರು.

ಮೇ ೧೨, ಸೋಮವಾರ

ಬಿಳಿ. ಇವಳಿಗೆ ಬೈದೂ ಬೈದೂ ಗಂಟಲು ಕಟ್ಟಿದೆ. ಬೈದರೆ ಕಣ್ಣು ಬಿಟ್ಟು ಕೇಳುತ್ತಾಳೆ, ಅಪ್ಪನ ಹಾಗೇ.

ಇವರು ಕೆಲಸಕ್ಕೆ ಹೋಗುತ್ತಿಲ್ಲ. ಬಟ್ಟೆ ಒಗೆಯುತ್ತಾರೆ, ದೊಡ್ಡವಳಿಗೆ ಜಡೆ ಹಾಕಿ ಬೇಸಿಗೆ ಶಿಬಿರಕ್ಕೆ ಬಿಡುತ್ತಾರೆ, ಜಡೆ ಎರಡೂ ಒಂದೇ ಕಡೆ ಇರುತ್ತವೆ. ನಾನು ಏನೂ ಹೇಳುವುದಿಲ್ಲ. ಅವಳು ಕನ್ನಡಿ ನೋಡಿ ತಾನೇ ಬೈಯುತ್ತಾಳೆ.

ಮೇ ೧೪, ಬುಧವಾರ

ನಾಳೆ ದಾಖಲಾಗಬೇಕು. ಚೀಲ ತುಂಬಿ, ಒಂದು ಗಳಿಗೆ ಇವಳನ್ನು ಇವರ ಕೈಗೆ ಕೊಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಮಗು ಶುಭ್ರವಾಗಿ ಒರೆಸಿಸಿಕೊಂಡು, ಹೊಸ ಡೈಪರ್ ಹಾಕಿಸಿಕೊಂಡು ಮಲಗಿದೆ. ಇವರು ಕೈ ಒರೆಸಿಕೊಳ್ಳುತ್ತ ನಿಂತಿದ್ದಾರೆ.

"ಬಣ್ಣ ಏನಿತ್ತು?" ಎಂದೆ.

"ಬಣ್ಣ..." ಎಂದರು. "ಅವಳು ತುಂಬ ಅಳ್ತಿದ್ಲು. ಬೇಗ ಬೇಗ ಬದಲಾಯ್ಸಿ... ಹಳದಿ ಇತ್ತೇನೋ."

"ಏನೋ?"

"ಇತ್ತು ಅನ್ಸುತ್ತೆ."

"ಎಲ್ಲಿ ಅದು?"

"ಕೆಳಗೆ ಹಾಕ್ಬಿಟ್ಟೆ. ಕಸದ ಡಬ್ಬಕ್ಕೆ."

ಎಲ್ಲಿತ್ತೋ ಅಷ್ಟು ದನಿ. "ಕೆಳಗೆ ಹಾಕಿದ್ರಾ?! ರೀ, ಊರಲ್ಲಿ ಯಾರಿಗಾದ್ರೂ ಹೇಳಿದ್ರೆ ನಗ್ತಾರೆ! ಇಡೀ ಮನೆ ಒಂದು ಬಣ್ಣಕ್ಕೆ ಕಾಯ್ತಾ ಕೂತಿದೆ, ನಾಳೆ ಮಗೂಗೆ ಸೂಜಿ ಹಾಕ್ತಾರೆ, ನೀವು ಅದನ್ನ ಮಡಚಿ ಎಸೆದು ಬಂದಿದ್ದೀರಾ? ನಿಮ್ಗೆ ತಲೇಲಿ ಏನಿದೆ, ಗ್ಯಾಸಾ? ನಡೀರಿ ಕೆಳಗೆ! ನಡೀರಿ ಅಂದೆ!"

ಮಗುವನ್ನು ಅತ್ತೆಯ ಕೈಗೆ ಹಾಕಿ, ಒದ್ದೆ ಕೂದಲಲ್ಲೇ ಕಾರ್ಡು ಹಿಡಿದು ಮೆಟ್ಟಿಲಿಳಿದೆ. ಕಟ್ಟಡಕ್ಕೆಲ್ಲ ಸೇರಿ ಒಂದೇ ದೊಡ್ಡ ಡಬ್ಬ, ರಸ್ತೆಯ ಅಂಚಿನಲ್ಲಿ. ಕಸದ ಗಾಡಿ ಆಗಲೇ ತಿರುವಿನಲ್ಲಿ ಬರುತ್ತಿತ್ತು. ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಗಾಡಿಯವನು ಬ್ರೇಕ್ ಹಾಕಿದ ರೀತಿಗೆ ಅವನಿಗೂ ಎರಡು ಮಾತು ಹೇಳಿದೆ. ಇವರು ಡಬ್ಬದೊಳಗೆ ಹೆಗಲವರೆಗೂ ಕೈ ಹಾಕಿ ಹುಡುಕಿದರು. ಯಾರದೋ ಮನೆಯ ಸಿಪ್ಪೆ, ಯಾರದೋ ಚಪ್ಪಲಿ, ಒಂದು ಒಡೆದ ಬಕೆಟ್ಟು. ಕೊನೆಗೆ ಸಿಕ್ಕಿತು.

ಬಿಸಿಲಿಗೆ ಹಿಡಿದು ಬಿಚ್ಚಿದೆವು. ಕಾರ್ಡು ಪಕ್ಕಕ್ಕಿಟ್ಟೆ.

ಹಳದಿ. ಸಂದೇಹವೇ ಇಲ್ಲದ, ಅಚ್ಚ ಹಳದಿ. ಇವರೂ ನೋಡಿದರು, ನಾನೂ ನೋಡಿದೆ. ಗಾಡಿಯವನೂ ಇಳಿದು ಬಂದು ಬಗ್ಗಿ ನೋಡಿ "ಹಳದೀನೇ ಅಕ್ಕ" ಎಂದ.

ಆಗ ಬೈಯಲು ಶುರು ಮಾಡಿದೆ. ಅಬ್ಬಾ, ಎಷ್ಟು ಬೈದೆ! ಟವೆಲಿಗೆ ಬೈದೆ, ಶೂಗೆ ಬೈದೆ, ಒಂದೇ ಕಡೆಗೆ ಬರುವ ಎರಡು ಜಡೆಗೆ ಬೈದೆ, ಗೋಡೆಗೆ ಒರಗಿ ನಿಂತದ್ದಕ್ಕೆ ಬೈದೆ. ಮೂರು ವರ್ಷ ಬಾಯಿ ಮುಚ್ಚಿಕೊಂಡು ಒಬ್ಬರೇ ಹೊತ್ತುಕೊಂಡು ತಿರುಗಿದ್ದಕ್ಕೆ ಬೈದೆ. "ಫ್ರೀಜರಿಂದ್ಲೇ ಆಯ್ತಾ ಅಂತ ಡಾಕ್ಟ್ರಿಗೂ ಗೊತ್ತಿಲ್ಲ! ಅವತ್ತೇ ಹೇಳಿದ್ರು, ಯಾರ ಕೈಲೂ ಹೇಳೋಕಾಗಲ್ಲ ಅಂತ! ಒಳ್ಳೆ ಇಂಜೆಕ್ಷನ್ನೂ ಕೆಲಸ ಮಾಡ್ದೆ ಇರುತ್ತಂತೆ! ಅದು ಯಾರ ತಪ್ಪೋ ಆ ದೇವರಿಗೇ ಗೊತ್ತು. ಆದ್ರೆ ಇದು, ಈ ಡೈಪರು, ಪೂರ್ತಿ ನಿಮ್ದೇ ತಪ್ಪು! ನಿಮ್ದೊಬ್ರುದೇ!"

ಇವರು ಅಲ್ಲೇ, ರಸ್ತೆಯ ಅಂಚಿನಲ್ಲೇ ಕುಕ್ಕರಿಸಿದರು. ಎಳೆ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅಳತೊಡಗಿದರು. ಮಗುವಿನ ಲಿವರ್ ಸರಿಯಾಗುತ್ತಿದೆ, ನಾಳಿನ ಸೂಜಿ ತಪ್ಪಬಹುದು, ಈಗ ಅಳುವಂಥದ್ದೇನಾಯಿತು? ಹೆಂಡತಿ ಬೈದಳೆಂದು ಹೀಗೆ ಅಳುವ ಗಂಡಸನ್ನು ನಾನು ಎಲ್ಲೂ ಕಂಡಿಲ್ಲ. ಇದೇನು ಹೊಸತಾಗಿ ಬೈದದ್ದೇ? ಮೇಲೆ ನೋಡಿದರೆ ಅತ್ತೆ ಮಗುವನ್ನೆತ್ತಿಕೊಂಡು ಕಿಟಕಿಯಲ್ಲಿ ನಿಂತಿದ್ದಾರೆ. ಹೆತ್ತ ಮಗ ಬೀದಿಯಲ್ಲಿ ಕೂತು ಅಳುತ್ತಿದ್ದರೆ ಅವರ ಮುಖದಲ್ಲಿ ನಗು. ಈ ಮನೆಯವರ ತಲೆ ಯಾವತ್ತೂ ನನಗೆ ಅರ್ಥವಾಗುವುದಿಲ್ಲ.

ಆ ಗಲೀಜು ಕೈಯಲ್ಲೇ ಕಣ್ಣೊರೆಸಿಕೊಳ್ಳಲು ಹೋದರು. ಅದಕ್ಕೂ ಬೈದೆ.